ಅಮ್ಮ ಯಾರ ರಿಟರ್ನಿನಲ್ಲಿ

"ಸರ್, ನಿಮ್ಮ ತಾಯಿ ಡಬಲ್ ಆಗಿದ್ದಾರೆ" ಎಂದು ಟ್ಯಾಕ್ಸ್ ರಿಟರ್ನ್ ತುಂಬಿಸಿಕೊಡುವ ಮನೋಜ್ ಶನಿವಾರ ಬೆಳಿಗ್ಗೆ ಫೋನ್ ಮಾಡಿದಾಗ ಪ್ರೇಮನಾಥ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ತನ್ನ ಅಡುಗೆಮನೆಯಲ್ಲಿ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ.

"ಡಬಲ್ ಅಂದ್ರೆ ಎಂತ? ದಪ್ಪ ಆಗಿದ್ದಾರಾ?"

"ಅಲ್ಲ ಸರ್. ಡಿಪೆಂಡೆಂಟ್ ಅಂತ ನೀವು ತೋರ್ಸಿರೋ ತಾಯಿ ಹೆಸರು ಇನ್ನೊಂದು ರಿಟರ್ನ್‌ನಲ್ಲೂ ಇದೆಯಂತೆ. ನಿಮ್ಮ ಕ್ಲೇಮ್ ನಿಲ್ಸಿಬಿಟ್ಟಿದ್ದಾರೆ."

"ಯಾರ ರಿಟರ್ನ್?"

"ಅದನ್ನ ಹೇಳಲ್ಲ ಸರ್. ಪ್ರೈವಸಿ."

ಹೇಳುವ ಅಗತ್ಯವೂ ಇರಲಿಲ್ಲ. ಜಯಲಕ್ಷ್ಮಿ ಎಂಬ ಉಡುಪಿಯ ಆ ತಾಯಿಗೆ ಈ ಖಂಡದಲ್ಲಿ ಇದ್ದದ್ದು ಎರಡೇ ಮಕ್ಕಳು. ಸಿಡ್ನಿಯ ಒಂದು ಕೌನ್ಸಿಲ್ಲಿನಲ್ಲಿ ಚರಂಡಿಗಳ ಇಂಜಿನಿಯರ್ ಆಗಿದ್ದ ಪ್ರೇಮನಾಥ ಒಬ್ಬ. ಮೆಲ್ಬರ್ನಿನಲ್ಲಿ ಹಲ್ಲಿನ ಡಾಕ್ಟರಾಗಿದ್ದ ವಿಜೇತಾ ಇನ್ನೊಬ್ಬಳು. ಅಮ್ಮನ ಎರಡೂ ಮಂಡಿ ಸವೆದುಹೋಗಿವೆ ಎಂದು ಡಾಕ್ಟರು ಬರೆದುಕೊಟ್ಟಿದ್ದರಿಂದ, ಅಶಕ್ತ ತಾಯಿಯನ್ನು ಸಾಕುವವರಿಗೆ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಸಿಗುತ್ತಿತ್ತು. ಪ್ರೇಮನಾಥ ವರ್ಷಾವರ್ಷ ತಪ್ಪದೆ ಅದನ್ನು ತೆಗೆದುಕೊಳ್ಳುತ್ತಿದ್ದ. ಈ ಸಲವೂ "ಇಡೀ ವರ್ಷ ನನ್ನ ಆಶ್ರಯದಲ್ಲಿದ್ದರು" ಎಂಬುದರ ಮುಂದೆ ಟಿಕ್ ಹಾಕಿದ್ದ.

ಇಡೀ ವರ್ಷ ಎನ್ನುವುದು ನಿಜವಾಗಿರಲಿಲ್ಲ. ಹೋದ ದೀಪಾವಳಿಗೆ ಮುಂಚೆಯೇ ಅಮ್ಮ ಮೆಲ್ಬರ್ನಿಗೆ ಹೋಗಿದ್ದರು. ಅವನೇ ಏರ್‌ಪೋರ್ಟಿಗೆ ಬಿಟ್ಟು ಬಂದಿದ್ದ. ಆದರೆ ಅವರ ಒಂದು ಸೂಟ್‌ಕೇಸ್ ಗ್ಯಾರೇಜಿನಲ್ಲೇ ಉಳಿದಿತ್ತು. ಸೂಟ್‌ಕೇಸ್ ಇದೆ ಎಂದ ಮೇಲೆ ಅಮ್ಮನೂ ಇದ್ದ ಹಾಗೆಯೇ ಎಂದು ಅವನು ತನ್ನ ಮನಸ್ಸಿಗೆ ಸಮಾಧಾನ ಹೇಳಿದ್ದ. ಮನಸ್ಸು ಒಪ್ಪಿತ್ತು. ಅದು ಅವನ ಮಾತಿಗೆ ಎದುರಾಡುವ ಜಾತಿಯ ಮನಸ್ಸಲ್ಲ.

"ಆ ವಿಜೇತಂದೇ ಕೆಲಸ" ಎಂದು ಪ್ರೇಮನಾಥ ಬೆಣ್ಣೆ ಚಾಕುವನ್ನು ಹೆಂಡತಿಯತ್ತ ಬೀಸಿ ಹೇಳಿದ. ಚಿತ್ರಾ ಒಂದು ಹೆಜ್ಜೆ ಹಿಂದೆ ಸರಿದಳು.

"ಫೋನ್ ಮಾಡಿ ಕೇಳ್ರೀ, ಮುಗೀತು."

"ಅವಳಿಗೆ ನಾನು ಫೋನ್ ಮಾಡುದಾ?"

ಅಣ್ಣ ತಂಗಿ ಮಾತು ಬಿಟ್ಟು ಒಂದು ವರ್ಷವಾಗಿತ್ತು. ಕಾರಣವೂ ಅಮ್ಮನೇ. ಹೋದ ವರ್ಷ ಸೆಪ್ಟೆಂಬರಿನ ಸ್ಕೂಲ್ ರಜೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಇಬ್ಬರಿಗೂ ಅಮ್ಮ ಬೇಕಾಗಿದ್ದರು. ಫೋನಿನಲ್ಲಿ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗಿ, ಮದುವೆಯಲ್ಲಿ ಯಾರು ಯಾರಿಗೆ ಎಂಥ ಸೀರೆ ಕೊಟ್ಟರು ಎಂಬಲ್ಲಿಗೆ ಬಂದು, ಇಬ್ಬರೂ ಒಬ್ಬರ ನಂಬರನ್ನು ಇನ್ನೊಬ್ಬರು ಬ್ಲಾಕ್ ಮಾಡುವುದರೊಂದಿಗೆ ಮುಗಿದಿತ್ತು. ರಜೆ ಮುಗಿದ ಮೇಲೆ ಅಮ್ಮ ಯಾರಿಗೂ ಅಷ್ಟಾಗಿ ಬೇಕಾಗಿರಲಿಲ್ಲ.

ಹಾಗೆಂದು ಪ್ರೇಮನಾಥ ಅಮ್ಮನನ್ನು ಮರೆತವನಲ್ಲ. ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. ಅಮ್ಮನ ಫೋನಿನ ಕ್ಯಾಮೆರಾ ಕೆಟ್ಟಿದ್ದರಿಂದ ಮುಖ ಕಾಣುತ್ತಿರಲಿಲ್ಲ. ಹಿನ್ನೆಲೆಯಲ್ಲಿ ಸದಾ ಪಾತ್ರೆಗಳ ಸದ್ದು, ಕುಕ್ಕರಿನ ಸೀಟಿ. "ನೋಡು, ವಿಜೇತಾ ಅಮ್ಮನನ್ನು ಹೇಗೆ ದುಡಿಸ್ತಿದ್ದಾಳೆ" ಎಂದು ಅವನು ಫೋನಿಟ್ಟ ಮೇಲೆ ಚಿತ್ರಾಳ ಹತ್ತಿರ ನೊಂದು ನುಡಿಯುತ್ತಿದ್ದ.

"ಈಗ ಏನ್ಮಾಡ್ಬೇಕು ಅಂತೀರಾ?" ಎಂದು ಅವನು ಇನ್ನೂ ಫೋನಿನಲ್ಲೇ ಇದ್ದ ಮನೋಜನನ್ನು ಕೇಳಿದ.

"ಸಿಂಪಲ್ ಸರ್. ಮಗನೇ ಸಾಕ್ತಿರೋದು ಅಂತ ತಾಯಿ ಒಂದು ಸ್ಟೇಟ್‌ಮೆಂಟ್‌ಗೆ ಸೈನ್ ಮಾಡ್ಲಿ. ಜತೆಗೆ ಅಕ್ಕಪಕ್ಕದವರದ್ದು ಒಂದು ಇದ್ರೆ ಸ್ಟ್ರಾಂಗ್ ಆಗತ್ತೆ. ಸೋಮವಾರ ಕಳ್ಸಿಬಿಡೋಣ."

ಅಕ್ಕಪಕ್ಕದವರು ಎಂದರೆ ಬೇಲಿಯಾಚೆಯ ಶಿವಪ್ರಕಾಶ ಅಂಕಲ್. ಮೈಸೂರಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾಗಿ ಮಗಳ ಮನೆಗೆ ಬಂದವರು. ಇಡೀ ಬೀದಿಯಲ್ಲಿ ಯಾರ ಮರದ ಯಾವ ಕೊಂಬೆ ಯಾರ ಅಂಗಳಕ್ಕೆ ಬಾಗಿದೆ ಎಂಬುದು ಅವರಿಗೆ ಬಾಯಿಪಾಠ. ಪ್ರೇಮನಾಥ ಬೇಲಿಯ ಮೇಲಿಂದ ತಲೆಯೆತ್ತಿ ವಿಷಯ ಹೇಳಿದ.

"ನಿಮ್ಮ ತಾಯಿಯವರು ಇಡೀ ವರ್ಷ ಇಲ್ಲಿದ್ರು ಅಂತ ಬರೀಬೇಕೇ?" ಅಂಕಲ್ ಕನ್ನಡಕ ಒರೆಸಿಕೊಂಡರು. "ಅದು ಹೇಗಾಗತ್ತಪ್ಪ? ಹೋದ ದೀಪಾವಳಿಯಿಂದ ಅವರಿಲ್ಲ."

"ನಿಮಗೆ ಹೇಗೆ ಗೊತ್ತು ಅಂಕಲ್?"

"ಎಲೆ. ಅವರಿದ್ದಾಗ ದಿನಾ ಬೆಳಿಗ್ಗೆ ನಿಮ್ಮ ಅಂಗಳ ಗುಡಿಸ್ತಿದ್ರು. ಈಗ ನಿಮ್ಮ ಎಲೆಯೆಲ್ಲಾ ನನ್ನ ಕಡೆ ಬರ್ತಿದೆ. ಬೇಕಾದ್ರೆ ಅದನ್ನ ಬರೆದುಕೊಡ್ತೀನಿ, ಫೋಟೋ ಸಮೇತ."

"ಬೇಡ ಬಿಡಿ."

"ಮಂಡಿ ನೋವು ಇಟ್ಕೊಂಡು ಗುಡಿಸ್ತಿದ್ರು, ಪಾಪ. ಒಂದಿನ ನಾನೇ ಕೇಳ್ದೆ, ಯಾಕಮ್ಮ, ಮಗ ಇಲ್ವಾ ಅಂತ. ಮಲಗಿದಾನೆ ಅಂದ್ರು. ಇದನ್ನೂ ಸೇರಿಸ್ಲಾ?"

ಪ್ರೇಮನಾಥನ ತಲೆ ಬೇಲಿಯ ಕೆಳಗೆ ಮುಳುಗಿತು.

ಇನ್ನು ಅಮ್ಮನ ಸಹಿಯೊಂದೇ ದಾರಿ. ಅಮ್ಮನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ವಿಜೇತಾಳೇ ಎತ್ತಲು ಬಿಡುತ್ತಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಸ್ಟೇಟ್‌ಮೆಂಟ್ ಪ್ರಿಂಟ್ ಮಾಡಿಕೊಂಡು, ಸಿಕ್ಕಿದ ವಿಮಾನ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಮೆಲ್ಬರ್ನಿನಲ್ಲಿ ಇಳಿದ. ಸಿಡ್ನಿಯ ಬಿಸಿಲು ನಂಬಿ ತೊಟ್ಟಿದ್ದ ಅರ್ಧ ತೋಳಿನ ಶರ್ಟಿನೊಳಕ್ಕೆ ಅಲ್ಲಿನ ಗಾಳಿ ಹೊಸ ಬಾಡಿಗೆದಾರನ ಹಾಗೆ ಸಾಮಾನು ಸಮೇತ ನುಗ್ಗಿತು. ಪಾಯಿಂಟ್ ಕುಕ್‌ನ ತಂಗಿಯ ಮನೆಯ ಬಾಗಿಲು ತಟ್ಟುವಾಗ ಅವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು.

ಬಾಗಿಲು ತೆರೆದ ವಿಜೇತಾ ಅವನನ್ನು ನೋಡಿ ಅರ್ಧ ಮುಚ್ಚಿದಳು.

"ಓಹೋ. ಅಣ್ಣನ ಸವಾರಿ ಬಂತು. ನನ್ನ ಕ್ಲೇಮ್ ನಿಲ್ಲಿಸಿದ್ದು ಸಾಕಾಗ್ಲಿಲ್ವಾ?"

"ನಿನ್ನ ಕ್ಲೇಮಾ? ನಿಲ್ಲಿಸಿದ್ದು ನೀನು, ನನ್ನದನ್ನು!"

"ನಂದು ಮೊನ್ನೆಯಿಂದ ನಿಂತಿದೆ. ಇನ್ನೊಂದು ರಿಟರ್ನ್‌ನಲ್ಲಿ ಹೆಸರು ಉಂಟು ಅಂದ್ರು. ನಿನ್ನದಲ್ಲದೆ ಮತ್ತೆ ಯಾರದ್ದು?"

ಪ್ರೇಮನಾಥ ಚಳಿಗೆ ನಡುಗುತ್ತಲೇ ಬಾಗಿಲೊಳಗೆ ಕಾಲಿಟ್ಟ. "ನಿನ್ನ ಹತ್ರ ಜಗಳ ಮಾಡ್ಲಿಕ್ಕೆ ಬಂದದ್ದಲ್ಲ ನಾನು. ಅಮ್ಮನನ್ನು ಕರಿ. ಅವರೇ ಹೇಳ್ಲಿ, ಯಾರು ಸಾಕಿದ್ದು ಅಂತ."

"ನಾನೂ ಅದೇ ಹೇಳುದು" ಎಂದಳು ವಿಜೇತಾ. "ಫೋನ್ ಎತ್ಲಿಕ್ಕೆ ಹೇಳು ಅವರಿಗೆ. ಎರಡು ದಿನದಿಂದ ಮಾಡ್ತಿದ್ದೇನೆ. ನೀನೇ ಎತ್ತಬೇಡಿ ಅಂದಿರ್ಬೇಕು."

"ಎಂಥ ತಮಾಷೆ ಇದು? ಒಳಗಿದ್ದಾರಲ್ಲ, ಕರಿ ಮಾರಾಯ್ತಿ."

"ಯಾರು ಒಳಗೆ?"

"ಅಮ್ಮ!"

"ಅಮ್ಮ ಇಲ್ಲೆಲ್ಲಿ? ನಿನ್ನ ಮನೆಯಲ್ಲಲ್ವಾ?"

ಒಳಗೆ ವಾಷಿಂಗ್ ಮೆಷಿನ್ ಒಂದು ಸುತ್ತು ಮುಗಿಸಿ ನಿಂತಿತು.

ವಿಜೇತಾ ಸೋಫಾದ ಮೇಲೆ ಕೂತು ನಡೆದದ್ದು ಹೇಳಿದಳು. ಅಮ್ಮ ಹೋದ ದೀಪಾವಳಿಗೆ ಮುಂಚೆ ಬಂದದ್ದು ನಿಜ. ಎರಡು ವಾರ ಇದ್ದು, ಪ್ರೇಮ ಕರೆಯುತ್ತಿದ್ದಾನೆ, ಹೋಗಬೇಕು ಎಂದಿದ್ದರು. ಇವಳೇ ಏರ್‌ಪೋರ್ಟಿಗೆ ಬಿಟ್ಟಿದ್ದಳು. ಆಮೇಲೆ ಪ್ರತಿ ಬುಧವಾರ ಇವಳೂ ಫೋನ್ ಮಾಡುತ್ತಿದ್ದಳು.

"ಹಿಂದೆ ಪಾತ್ರೆ ಸದ್ದು ಕೇಳ್ತಿತ್ತು" ಎಂದಳು. "ಚಿತ್ರಾ ಅತ್ತಿಗೆ ಅಮ್ಮನ ಹತ್ರ ಎಷ್ಟು ಕೆಲಸ ಮಾಡಿಸ್ತಾರೆ ಅಂತ ನಾನು ಇವರ ಹತ್ರ ಹೇಳಿ ಅಳ್ತಿದ್ದೆ."

ಪ್ರೇಮನಾಥನಿಗೆ ಚಳಿ ಬಿಟ್ಟು ಬೆವರು ಶುರುವಾಯಿತು. ಅಮ್ಮನಿಗೆ ಮತ್ತೆ ಮತ್ತೆ ಫೋನ್ ಮಾಡಿದರು. ರಿಂಗ್ ಆಗಿ ಆಗಿ ನಿಂತಿತು. ಅರುವತ್ತೊಂಬತ್ತು ವರ್ಷದ, ಮಂಡಿ ಸವೆದ, ರೈಲಿನಲ್ಲಿ ಒಬ್ಬರೇ ಕೂರಲು ಹೆದರುವ ಅಮ್ಮ. ಎಲ್ಲಿಗೆ ಹೋದರು? ಯಾರ ಕೈಗೆ ಸಿಕ್ಕರು? ಯಾರಾದರೂ ಮನೆಯಲ್ಲಿ ಕೂಡಿಹಾಕಿ ಕೆಲಸ ಮಾಡಿಸುತ್ತಿದ್ದಾರೋ ಏನೋ! ಈ ಕೊನೆಯ ಯೋಚನೆ ಬಂದಾಗ ಇಬ್ಬರೂ ಒಟ್ಟಿಗೇ ಕಣ್ಣು ತಪ್ಪಿಸಿದರು.

ಪೊಲೀಸ್ ಸ್ಟೇಷನ್ನಿಗೆ ಹೋದರು. ಕೌಂಟರಿನಲ್ಲಿ ಇದ್ದದ್ದು ಚಿಕ್ಕ ವಯಸ್ಸಿನ ಒಬ್ಬ ಹುಡುಗಿ. ಬಹಳ ಮೃದುವಾಗಿ ಕೇಳಿದಳು, ತಾಯಿಯನ್ನು ಕೊನೆಯದಾಗಿ ನೋಡಿದ್ದು ಯಾವಾಗ ಎಂದು.

"ಹೋದ ಅಕ್ಟೋಬರ್" ಎಂದ ಪ್ರೇಮನಾಥ.

"ನವೆಂಬರ್" ಎಂದಳು ವಿಜೇತಾ, ಹೆಮ್ಮೆಯಿಂದಲ್ಲದಿದ್ದರೂ ಅಣ್ಣನಿಗಿಂತ ಮುಂದೆ ಇದ್ದೇನೆ ಎಂಬ ದನಿಯಲ್ಲಿ.

ಹುಡುಗಿ ಟೈಪ್ ಮಾಡುವುದನ್ನು ನಿಲ್ಲಿಸಿದಳು. ಈಗ ಮತ್ತೆ ಅಕ್ಟೋಬರ್ ಅಲ್ಲವೇ ಎಂದಳು. ಹೌದು ಎಂದರು ಇಬ್ಬರೂ. ತಾಯಿ ಯಾರ ಜತೆ ವಾಸವಿರುತ್ತಾರೆ ಎಂದು ಕೇಳಿದಳು. ಪ್ರೇಮನಾಥ ವಿಜೇತಾಳನ್ನು ತೋರಿಸಿದ, ವಿಜೇತಾ ಪ್ರೇಮನಾಥನನ್ನು ತೋರಿಸಿದಳು. ಹಾಗಾದರೆ ಕಳೆದುಹೋಗಿದ್ದಾರೆ ಎಂದು ತಿಳಿದದ್ದು ಹೇಗೆ ಎಂದು ಕೇಳಿದಳು. ಟ್ಯಾಕ್ಸ್ ರಿಟರ್ನಿನಿಂದ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ.

ಅವಳು ನಂಬರ್ ಕೇಳಿ ಸ್ಟೇಷನ್ನಿನ ಫೋನಿನಿಂದಲೇ ಒತ್ತಿ, ಸ್ಪೀಕರ್ ಹಾಕಿದಳು. ಎರಡನೆಯ ರಿಂಗಿಗೇ ಆಚೆಯಿಂದ ಎತ್ತಿದರು.

"ಹಲೋ! ಟುಡೇ ಆರ್ಡರ್ ಕ್ಲೋಸ್. ಟುಮಾರೋ ನೀರ್‌ದೋಸೆ ಓನ್ಲಿ. ಹೌ ಮೆನಿ?"

ಅಮ್ಮನ ದನಿ. ಹಿಂದೆ ಅದೇ ಪಾತ್ರೆಗಳ ಸದ್ದು.

"ಅಮ್ಮಾ!" ಎಂದು ಪ್ರೇಮನಾಥ ಕೌಂಟರಿನ ಮೇಲೆ ಬಗ್ಗಿ ಕಿರುಚಿದ.

"ಯಾರು, ಪ್ರೇಮನಾ? ಇದು ಯಾರ ನಂಬರ್?"

"ಪೊಲೀಸ್ ಸ್ಟೇಷನ್ನಿನದ್ದು!"

"ಅಯ್ಯೋ, ಎಂತ ಮಾಡಿದೆ ನೀನು?"

"ನಾನಲ್ಲ ಅಮ್ಮ, ನೀವು! ನೀವು ಎಲ್ಲಿದ್ದೀರಿ?"

"ನಾನು ಮಾರ್ಸ್ಡನ್ ಪಾರ್ಕ್‌ನಲ್ಲಿ. ಹೋದ ವರ್ಷದಿಂದ ಇಲ್ಲೇ. ಭಾನುವಾರ, ಬುಧವಾರ ಬಿಟ್ರೆ ಬೇರೆ ದಿನ ನಿಮ್ಮ ಫೋನ್ ಎತ್ಲಿಕ್ಕೆ ಪುರುಸೊತ್ತು ಇರುದಿಲ್ಲ. ನೋಡು, ಎಣ್ಣೆ ಕಾದಿದೆ, ಮತ್ತೆ ಮಾತಾಡ್ವ. ವಿಜಿಗೆ ಹೇಳು, ಗಾಬರಿ ಆಗ್ಬೇಡ ಅಂತ."

ಫೋನ್ ಕಟ್ಟಾಯಿತು. ಹುಡುಗಿ ಇಬ್ಬರನ್ನೂ ನೋಡಿ, ನಿಮ್ಮ ತಾಯಿ ಕಳೆದುಹೋಗಿಲ್ಲ ಎಂದಳು. ಅವಳು ಸಂತೋಷದ ಸುದ್ದಿಯನ್ನೇ ಹೇಳಿದ್ದಳು. ಆದರೆ ಹೇಳಿದ ಬಗೆಯಲ್ಲಿ ಅಂಥದ್ದೇನೂ ಇರಲಿಲ್ಲ.

ಹೊರಗೆ ಬಂದ ಮೇಲೆ ವಿಜೇತಾ ಕರವಸ್ತ್ರ ತೆಗೆದು ಅತ್ತಳು. ಆದರೆ ಚರಂಡಿಯ ಇಂಜಿನಿಯರನ ತಲೆ, ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಯೋಚಿಸುವುದನ್ನು ಬಿಡಲಾರದು. ಮಾರ್ಸ್ಡನ್ ಪಾರ್ಕ್ ಎಂದರೆ ಅವನ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಸಿಡ್ನಿ!

"ವಿಜಿ" ಎಂದ, ಆದಷ್ಟು ಮೆಲ್ಲಗೆ. "ಅಮ್ಮ ಇದ್ದದ್ದು ಸಿಡ್ನಿಯಲ್ಲಿ ಅಂತ ಆಯ್ತಲ್ಲ."

"ಅದಕ್ಕೆ?"

"ಅಂದ್ರೆ ನನ್ನ ಕಡೆಯೇ ಇದ್ದ ಹಾಗೆ."

ವಿಜೇತಾ ಕರವಸ್ತ್ರ ಮಡಚಿ ಬ್ಯಾಗಿನಲ್ಲಿಟ್ಟಳು. ಏರ್‌ಪೋರ್ಟಿಗೆ ಟ್ಯಾಕ್ಸಿ ಅವನೇ ಕರೆಸಿಕೊಳ್ಳಬೇಕಾಯಿತು.

ವಿಮಾನ ಸಿಡ್ನಿ ಮುಟ್ಟುವ ಹೊತ್ತಿಗೆ ಪ್ರೇಮನಾಥ ತನ್ನ ವಾದವನ್ನು ಪೂರ್ತಿ ಹೆಣೆದಿದ್ದ. ಅಮ್ಮ ಮುನಿಸಿಕೊಂಡು ಯಾರೋ ಗೆಳತಿಯ ಮನೆಯಲ್ಲಿ ಕೂತಿದ್ದಾರೆ. ಬೇಜಾರು ಕಳೆಯಲು ಒಂದಿಷ್ಟು ಅಡುಗೆ ಮಾಡುತ್ತಾರೆ. ಕರೆದುಕೊಂಡು ಬಂದರಾಯಿತು. ಸಹಿಯೂ ಸಿಕ್ಕಿತು, ಅಮ್ಮನೂ ಸಿಕ್ಕಿದರು. ದಾರಿಯಲ್ಲಿ ಅಮ್ಮನ ಅಡ್ರೆಸ್ಸಿಗಾಗಿ ಮತ್ತೆ ಫೋನ್ ಮಾಡಿದ. ಅಮ್ಮನ ಬದಲು ಬೇರೆ ಯಾರೋ ಹೆಂಗಸು ಎತ್ತಿ, ಅಡ್ರೆಸ್ ಹೇಳಿ, ಕಾರು ಪಕ್ಕದ ಬೀದಿಯಲ್ಲೇ ನಿಲ್ಲಿಸಬೇಕೆಂದು ತಾಕೀತು ಮಾಡಿದಳು.

ಸಂಜೆಯ ಬೆಳಕು ಇನ್ನೂ ಇತ್ತು. ಹೊಸ ಬಡಾವಣೆಯ ಒಂದು ಮನೆಯ ಹಿತ್ತಿಲಿನಲ್ಲಿ ಎರಡು ಕೋಣೆಯ ಚಿಕ್ಕ ಮನೆ. ಮುಂದೆ ಏಳೆಂಟು ಜನ ಸಾಲಿನಲ್ಲಿ ನಿಂತಿದ್ದರು. ಇಬ್ಬರು ಪಂಜಾಬಿ ಟ್ರಕ್ ಡ್ರೈವರುಗಳು, ನೈಟ್ ಡ್ಯೂಟಿಗೆ ಹೊರಟ ನರ್ಸುಗಳು, ಮಗು ಎತ್ತಿಕೊಂಡ ಒಬ್ಬ ಗಂಡಸು. ಗಾಳಿಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಪರಿಮಳ. ಬೆಳಿಗ್ಗೆ ತಿಂದ ಟೋಸ್ಟಿನ ಮೇಲೆ ಇನ್ನೇನೂ ಬಿದ್ದಿರದ ಪ್ರೇಮನಾಥನ ಹೊಟ್ಟೆ ದೊಡ್ಡದಾಗಿಯೇ ಗುರುಗುಟ್ಟಿತು. ಅವನು ಸಾಲು ಬಿಟ್ಟು ನೇರ ಬಾಗಿಲಿಗೆ ಹೋದ. ಹಿಂದಿನಿಂದ ಯಾರೋ, "ಭಾಯಿಸಾಬ್, ಲೈನ್!" ಎಂದರು.

ಬಾಗಿಲಲ್ಲಿ ದಪ್ಪನೆಯ ಹೆಂಗಸೊಬ್ಬಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ಫೋನಿನಲ್ಲಿ ಮಾತಾಡಿದ ದನಿಯೇ.

"ಆರ್ಡರ್ ನಂಬರ್?"

"ನಾನು ಆರ್ಡರ್ ಅಲ್ಲ. ಮಗ."

"ಯಾರ ಮಗ?"

"ಜಯಲಕ್ಷ್ಮಿಯವರ ಮಗ!"

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ ಕೂಗಿದಳು. "ಜಯಕ್ಕಾ, ಯಾರೋ ಮಗ ಅಂತೆ!"

ಒಳಗೆ ಅಮ್ಮ ಎತ್ತರದ ಸ್ಟೂಲಿನ ಮೇಲೆ ಕೂತು ದೊಡ್ಡ ಕಡಾಯಿಯಲ್ಲಿ ಸೌಟು ಆಡಿಸುತ್ತಿದ್ದರು. ಸ್ವಲ್ಪ ತೆಳ್ಳಗಾಗಿದ್ದರು. ಮುಖದಲ್ಲಿ ಮಾತ್ರ, ಪ್ರೇಮನಾಥ ಬಹಳ ವರ್ಷಗಳಿಂದ ನೋಡದ ಒಂದು ಚುರುಕು ಇತ್ತು.

"ಬಾ. ಕೂರ್ಲಿಕ್ಕೆ ಜಾಗ ಇಲ್ಲ, ನಿಲ್ಲು. ಇವಳು ಚೆನ್ನು. ಇವಳಿಗೂ ಮೂರು ಮಕ್ಕಳಿದ್ದಾರೆ" ಎಂದರು, ಅದೊಂದು ಕಾಯಿಲೆಯ ಹೆಸರು ಎಂಬ ಹಾಗೆ.

"ಅಮ್ಮ, ಇದೆಲ್ಲ ಎಂತ? ನನ್ನ ಹತ್ರ ಒಂದು ಮಾತು ಹೇಳ್ಬಾರ್ದಾ?"

"ಹೇಳುದೆಂತ? ಅಮ್ಮ ಮೆಲ್ಬರ್ನ್‌ಗೆ ಹೋದ್ರೆ ಒಂದು ರೂಮ್ ಖಾಲಿ ಆಗ್ತದೆ, ಆಫೀಸ್ ಮಾಡ್ಬಹುದು ಅಂತ ನೀನು ಚಿತ್ರನ ಹತ್ರ ಹೇಳ್ತಿದ್ದೆ. ನಾನು ಪಕ್ಕದಲ್ಲೇ ಬಟ್ಟೆ ಮಡಚ್ತಿದ್ದೆ. ಅಲ್ಲಿ ಹೋದೆ. ಅಮ್ಮ ಎಷ್ಟು ದಿನ ಅಂತ ಗೊತ್ತಾದ್ರೆ ಪ್ಲಾನ್ ಮಾಡ್ಬಹುದಿತ್ತು ಅಂತ ವಿಜಿ ಗಂಡನ ಹತ್ರ. ಇಬ್ಬರಿಗೂ ಯಾಕೆ ಕಷ್ಟ ಅಂತ ಅನ್ನಿಸ್ತು. ಚೆನ್ನು ಇಲ್ಲಿಯ ದೇವಸ್ಥಾನದಲ್ಲಿ ಮೊದಲೇ ಸಿಕ್ಕಿ ಪರಿಚಯ ಆಗಿದ್ಲು. ಬಂದುಬಿಡಿ ಅಂದ್ಲು."

"ಮಂಡಿ ನೋವು ಇಟ್ಕೊಂಡು ಈ ಕೆಲಸವಾ?"

"ಬಲದ್ದು ಆಪರೇಷನ್ ಆಯ್ತು, ಜೂನ್‌ನಲ್ಲಿ. ಈಗ ಅಡ್ಡಿಲ್ಲ."

ಪ್ರೇಮನಾಥ ಗೋಡೆಗೆ ಒರಗಿದ. ಜೂನಿನಲ್ಲಿ ಅವನು ಪ್ರತಿ ಭಾನುವಾರವೂ ಫೋನ್ ಮಾಡಿದ್ದ. ಆರಾಮ ಎಂದಿದ್ದರು. ಅವನೂ ಹಾಗಾದರೆ ಇಡ್ತೇನೆ ಎಂದಿದ್ದ.

"ಆಸ್ಪತ್ರೆಯವರು ಮನೆಯವರು ಯಾರು ಅಂತ ಕೇಳ್ಲಿಲ್ವಾ?"

"ಕೇಳಿದ್ರು. ಚೆನ್ನು ಹೆಸರು ಕೊಟ್ಟೆ. ಅವಳು ಅಲ್ಲೇ ಇದ್ಲಲ್ಲ."

ಚೆನ್ನು ಎರಡು ಡಬ್ಬಿಗಳನ್ನು ಹೊರಗೆ ದಾಟಿಸಿದಳು. ಪ್ರೇಮನಾಥನಿಗೆ ಏನಾದರೂ ಹೇಳಬೇಕೆನ್ನಿಸಿತು. ತಪ್ಪಾಯಿತು ಎಂದೋ, ಮನೆಗೆ ಬನ್ನಿ ಎಂದೋ. ಆದರೆ ಕೈ ತನ್ನಷ್ಟಕ್ಕೆ ಜೇಬಿಗೆ ಹೋಗಿ, ಮಡಚಿಟ್ಟ ಕಾಗದವನ್ನು ಹೊರಗೆ ತೆಗೆದಿತ್ತು.

"ಅದೆಂತ?"

"ಏನಿಲ್ಲ ಅಮ್ಮ. ಒಂದು ಸಹಿ. ನೀವು ನನ್ನ ಡಿಪೆಂಡೆಂಟ್ ಅಂತ. ವಿಜೇತಾ ಕೂಡ ಹಾಕಿದ್ದಾಳೆ. ಅದಕ್ಕೇ ಆಫೀಸಿನವರು ನಿಲ್ಲಿಸಿದ್ದಾರೆ. ನೀವು ಇರುದು ಸಿಡ್ನಿಯಲ್ಲೇ ಆದ ಕಾರಣ..."

"ವಿಜಿ ಹಾಕಿದ್ದಕ್ಕೆ ನಿಲ್ಲಿಸಿದ್ದಲ್ಲ" ಎಂದರು ಅಮ್ಮ, ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟು ರುಚಿ ನೋಡುತ್ತ. "ನಾನು ಹಾಕಿದ್ದಕ್ಕೆ."

"ನೀವು ಎಂತ ಹಾಕಿದ್ದು?"

"ರಿಟರ್ನ್. ಈ ವ್ಯಾಪಾರ ನಡೀತದಲ್ಲ, ಟ್ಯಾಕ್ಸ್ ಕಟ್ಬೇಕಲ್ವಾ? ಚೆನ್ನುವಿಗೆ ಗೊತ್ತಿರುವ ಅಮೃತ್ ಅಂತ ಒಬ್ಬ, ಒಳ್ಳೆಯವ, ಅವನೇ ಎಲ್ಲ ತುಂಬಿಸಿ ಕಳಿಸಿದ. ಇಷ್ಟು ಸಂಪಾದನೆ ಇದ್ದವರನ್ನು ಬೇರೆ ಯಾರೂ ಸಾಕ್ತೇನೆ ಅಂತ ತೋರಿಸ್ಲಿಕ್ಕೆ ಆಗುದಿಲ್ಲ ಆಂಟಿ ಅಂದ. ಸರಿ ಅಂದೆ. ನೀವಿಬ್ಬರೂ ಇನ್ನೂ ತೋರಿಸ್ತಿದ್ದೀರಿ ಅಂತ ನನಗೆಂತ ಗೊತ್ತು?"

ಕಾಗದ ಪ್ರೇಮನಾಥನ ಕೈಯಲ್ಲೇ ಉಳಿಯಿತು. ಹೊರಗೆ ನರ್ಸುಗಳು ಏನೋ ಹೇಳಿ ನಕ್ಕರು. ಅಮ್ಮ ಒಲೆ ಸಣ್ಣ ಮಾಡಿ, ಮೊದಲ ಸಲ ಅವನ ಕಡೆ ಪೂರ್ತಿ ತಿರುಗಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಆ ಹುಡುಗ ನನ್ನ ಹತ್ರವೂ ಕೇಳಿದ, ಆಂಟಿ, ನಿಮ್ಮನ್ನು ನಂಬಿಕೊಂಡವರು ಯಾರಾದ್ರೂ ಇದ್ದಾರಾ ಅಂತ. ಇದ್ದಾರೆ, ಎರಡು ಮಕ್ಕಳು, ಒಂದು ಸಿಡ್ನಿ, ಒಂದು ಮೆಲ್ಬರ್ನ್ ಅಂದೆ. ಪ್ರಾಯ ಎಷ್ಟು ಅಂದ. ಒಂದಕ್ಕೆ ನಲವತ್ತಾರು, ಒಂದಕ್ಕೆ ನಲವತ್ತೆರಡು ಅಂದೆ." ಅಮ್ಮ ಕೈಯೊರೆಸಿಕೊಂಡರು. "ಅಷ್ಟು ದೊಡ್ಡವರನ್ನು ಹಾಕ್ಲಿಕ್ಕೆ ಬರುದಿಲ್ಲಂತೆ. ಮತ್ತೆ ನಾನೂ ಬಿಟ್ಟುಬಿಟ್ಟೆ."

ಪ್ರೇಮನಾಥ ಬಾಯಿ ತೆರೆದ. ಅಷ್ಟರಲ್ಲಿ ಚೆನ್ನು ಅವನ ಎದೆಗೆ ಬಿಸಿ ಡಬ್ಬಿಯೊಂದನ್ನು ಒತ್ತಿದಳು.

"ಇದು ತಗೊಳ್ಳಿ. ಯಾರೋ ಕ್ಯಾನ್ಸಲ್ ಮಾಡಿದ್ದು" ಎಂದಳು. "ಸ್ವಲ್ಪ ಆ ಕಡೆ ನಿಂತು ತಿನ್ನಿ, ಬಾಗಿಲಿಗೆ ಅಡ್ಡ ಆಗ್ತದೆ."